ಅವಳ ಒಂದು ‘ಶ್’

ನನ್ನ ಹೆಂಡತಿಯ ದನಿ ಎಂದು ನನ್ನಲ್ಲಿ ಉಳಿದಿರುವುದು ಒಂದೇ ಒಂದು ‘ಶ್’. ಅದನ್ನೂ ಅವಳು ಹೇಳಿದ್ದು ನನಗೇ, ಸಿಟ್ಟಿನಲ್ಲಿ.

ನಮ್ಮ ಸುಳ್ಯದ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ, ಯಕ್ಷಗಾನ ಬಯಲಾಟಗಳೆಲ್ಲ ನಿಂತಾಗ, ಮನೆಯೊಳಗೆ ತಾಳಮದ್ದಲೆ ಇಡಿಸುವುದುಂಟು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥ ಹೇಳುವವರು ಕೂತಲ್ಲಿಂದಲೇ ಮಾತಿಗೆ ಮಾತು ಬೆಳೆಸುತ್ತಾರೆ. ಅಜ್ಜಾವರದ ನಮ್ಮ ಮನೆಯ ಚಾವಡಿಯಲ್ಲಿ ಒಮ್ಮೆ ನಡೆದದ್ದನ್ನು ನಾನು ಒಳ್ಳೆಯ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೆ. ಭಾಗವತರು ಪದ್ಯ ಎತ್ತಿದ್ದಾರೆ, ನಾನು ಪಕ್ಕದವರಿಗೆ ನನ್ನ ಮೈಕಿನ ಮಹಿಮೆ ವಿವರಿಸುತ್ತಿದ್ದೇನೆ. ಅಧಿಕಪ್ರಸಂಗಿ! ಬಾಗಿಲ ಬಳಿ ಕೂತಿದ್ದ ಅವಳು ‘ಶ್’ ಎಂದಳು. ನಾನು ಬಾಯಿ ಮುಚ್ಚಿದೆ.

ಅಷ್ಟೇ ಇರುವುದು. ಮೈಕ್ ಕಂಡರೆ ಒಳಗೆ ಓಡುವವಳು ಅವಳು. ಮಗಳ ಮದುವೆಯ ವಿಡಿಯೊದಲ್ಲಿ ಅವಳ ಬೆನ್ನು ಮಾತ್ರ ಉಂಟು. ಫೋನಿನಲ್ಲಿ ದನಿ ಕಳಿಸು ಎಂದರೆ, “ಗೋಡೆಗೆ ಮಾತಾಡಿದ ಹಾಗೆ, ಅದೆಂತ ಹುಚ್ಚು?” ಎನ್ನುತ್ತಿದ್ದಳು.

ಸುಳ್ಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯರೊಬ್ಬರು ನನಗಿದ್ದಾರೆ. ಸ್ಪೀಕರು, ಆಂಪ್ಲಿಫೈಯರುಗಳ ಹುಚ್ಚು ಇಬ್ಬರಿಗೂ ಸಮಸಮ. ಹೊಸದೇನು ತಂದರೂ ನಮ್ಮ ಪರೀಕ್ಷೆ ಆ ‘ಶ್’. ಪದ್ಯ, ಮದ್ದಲೆ, ನನ್ನ ಹರಟೆ, ಇಷ್ಟರ ಹಿಂದೆ ಆ ತೆಳು ಸದ್ದು ಬಾಗಿಲ ಕಡೆಯಿಂದಲೇ ಬಂದಂತೆ ಕೇಳಿದರೆ ಯಂತ್ರ ಪಾಸು. ಅಡುಗೆಮನೆಯಿಂದ ಅವಳು ಕೂಗುತ್ತಿದ್ದಳು: “ಇಷ್ಟು ಖರ್ಚು ಮಾಡಿ ನಾನು ಬೈದದ್ದು ಕೇಳುದಾ? ಇಲ್ಲಿಗೆ ಬನ್ನಿ ಮಾರಾಯ್ರೆ, ಧರ್ಮಕ್ಕೆ ಬೈತೇನೆ!” ಗೆಳೆಯರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವಳು ಒಂದು ಜ್ವರಕ್ಕೆ ಹೋಗಿಬಿಟ್ಟಳು. ಜ್ವರವಂತೆ, ಜ್ವರ! ನನಗೆ ಈಗಲೂ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಆಮೇಲೆ ತುಂಬ ಕಾಲ ನಾನು ಸ್ಪೀಕರುಗಳಿದ್ದ ಕೋಣೆಯ ಸ್ವಿಚ್ಚೇ ಹಾಕಲಿಲ್ಲ. ಗೆಳೆಯರು ಬಂದರೂ ಹೊರಗೆ ಕೂತು ಚಾ ಕುಡಿದು ಹೋಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ತಡೆಯಲಾಗದೆ ಒಬ್ಬನೇ ಹಾಕಿದೆ. ಪದ್ಯ ಬಂತು. ಮದ್ದಲೆ ಬಂತು. ನನ್ನ ದರಿದ್ರ ಹರಟೆಯೂ ಬಂತು. ಅವಳು ಬರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ, ದನಿ ಹೆಚ್ಚಿಸಿದೆ, ಸ್ಪೀಕರಿಗೆ ಕೆನ್ನೆ ತಾಗಿಸಿ ಕೂತೆ. ಇಲ್ಲವೆಂದರೆ ಇಲ್ಲ.

ನಾನು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕಲಿಸಿ ನಿವೃತ್ತನಾದವನು. ಸದ್ದು ಬಾರದಿದ್ದರೆ ತಪ್ಪು ಎಲ್ಲಿ ಎಂದು ಒಂದೊಂದಾಗಿ ಹುಡುಕುವುದು ನನ್ನ ಜನ್ಮದ ಅಭ್ಯಾಸ. ಸ್ಪೀಕರು ಸರಿ ಇತ್ತು. ಆಂಪ್ಲಿಫೈಯರು ಸರಿ ಇತ್ತು. ಉಳಿದದ್ದು ಸ್ಟ್ರೀಮರ್. ಇಂಟರ್‌ನೆಟ್ಟಿನಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ಹಾಡನ್ನು ಎತ್ತಿ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ ಅದು. ನನ್ನದು ಹಳೆಯದು, ಪ್ಲಾಸ್ಟಿಕ್ಕಿನದು. ಕಳ್ಳ ಸಿಕ್ಕಿದ ಎಂದುಕೊಂಡೆ. ಮೊದಲು ಅದಕ್ಕೆ ಬೇರೆ ಪವರ್ ಸಪ್ಲೈ ಕೊಟ್ಟೆ. ನಮ್ಮೂರಿನ ವೋಲ್ಟೇಜಿಗೆ ಶಾಪ ಹಾಕಿ ಸ್ಟೆಬಿಲೈಜರ್ ಇಟ್ಟೆ. ವಯರು ಬದಲಿಸಿದೆ. ಅವಳು ಬರಲಿಲ್ಲ.

ಹೊಸದನ್ನು ಆರಿಸಲು ಮಂಗಳೂರಿಗೆ ಹೋದೆ. ಅಂಗಡಿಯವರು ಒಳ್ಳೆಯವರೇ, ಪಾಪ. ಒಂದಕ್ಕೆ ದೊಡ್ಡ ಪರದೆ ಉಂಟು, ಇನ್ನೊಂದರ ಮೈಯೆಲ್ಲ ಅಲ್ಯೂಮಿನಿಯಂ, ಮತ್ತೊಂದರಲ್ಲಿ ಡಿಜಿಟಲ್ ಅಂಕಿಗಳನ್ನು ಸದ್ದಾಗಿಸುವ ಚಿಪ್ ಭಾರಿ ಒಳ್ಳೆಯದು ಎಂದರು. ನನಗೆ ಪರದೆ ಕಟ್ಟಿಕೊಂಡು ಆಗಬೇಕಾದದ್ದು ಏನು? ಪೆನ್‌ಡ್ರೈವ್ ಚುಚ್ಚಿ ನನ್ನ ತಾಳಮದ್ದಲೆ ಹಾಕಿಸಿದೆ. ಅಲ್ಲೂ ಇಲ್ಲ. “ಇದು ಕಿವುಡು ಪೆಟ್ಟಿಗೆ, ಮಾರಾಯ್ರೆ. ಇಂಥದ್ದನ್ನು ಯಾಕೆ ಮಾರ್ತೀರಿ?” ಎಂದು ರೇಗಿದೆ. ಅವರು ನನ್ನ ಮುಖವನ್ನೇ ನೋಡಿದರು. ಎ.ಸಿ.ಯ ಗದ್ದಲದಲ್ಲಿ ಕೇಳದೆ ಹೋದದ್ದಿರಬೇಕು, ಮನೆಯಲ್ಲಿ ಕೇಳೀತು ಎಂದು ನನಗೆ ನಾನೇ ಹೇಳಿಕೊಂಡು ಚಿಪ್ ಒಳ್ಳೆಯದಿದ್ದದ್ದನ್ನು ಹೊತ್ತು ತಂದೆ.

ಅದನ್ನು ಜೋಡಿಸಿದ ದಿನ ಗೆಳೆಯರನ್ನು ಕರೆದೆ. ಅವಳು ಹೋದ ಮೇಲೆ ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. “ನೋಡಿ, ಹಿಂದೆ ಒಂದು ಹಿಸ್ ಸದ್ದು ಇತ್ತಲ್ಲ, ಅದು ಪೂರ್ತಿ ಹೋಗಿದೆ. ಅಷ್ಟು ಶುದ್ಧ ಈ ಪೆಟ್ಟಿಗೆ,” ಎಂದು ಕೊಚ್ಚಿಕೊಂಡೆ. ಅವರು ಹುಬ್ಬು ಗಂಟಿಕ್ಕಿ ಸ್ಪೀಕರಿನ ಕಡೆ ಬಾಗಿದರು. ಪದ್ಯ ಬಂತು, ನನ್ನ ಹರಟೆ ಬಂತು, ನಿಂತಿತು. ನಾನು ರಿಮೋಟನ್ನು ಸೋಫಾಕ್ಕೆ ಬಿಸಾಡಿದೆ.

“ಇದೂ ಪ್ರಯೋಜನ ಇಲ್ಲ! ಕೇಳುದಿಲ್ಲ ನೋಡಿ.”

ಗೆಳೆಯರ ಕಣ್ಣು ತುಂಬಿತ್ತು. “ಎಂತ ಹೇಳ್ತೀರಿ ಮಾಷ್ಟ್ರೆ? ಅಕ್ಕ ಈಗ ‘ಶ್’ ಹೇಳಿದ್ರಲ್ಲ! ನನಗೆ ಒಮ್ಮೆ ಎದೆ ಧಸಕ್ ಆಯ್ತು.”

“ಸುಮ್ಮನೆ ನನ್ನ ಸಮಾಧಾನಕ್ಕೆ ಹೇಳ್ಬೇಡಿ.”

“ನಿಮ್ಮಾಣೆಗೂ ಕೇಳಿದೆ. ಆ ಹಿಸ್ ಸದ್ದು ಕೂಡ ಹಾಗೇ ಉಂಟು, ಮಾಷ್ಟ್ರೆ.”

ನಾನು ಜಗಳಕ್ಕೇ ನಿಂತೆ. ಅವರು ಎದ್ದು ಹಳೆಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು ಸಿಕ್ಕಿಸಿದರು. ಅದೇ ಜಾಗ ಬಂದಾಗ ಬೆರಳೆತ್ತಿದರು. ಮತ್ತೆ ಹೊಸದನ್ನು ಹಾಕಿ, ಅದೇ ಜಾಗಕ್ಕೆ ಬೆರಳೆತ್ತಿದರು. ಅವಳು ಎಲ್ಲಿಗೂ ಹೋಗಿರಲಿಲ್ಲ. ಎಲ್ಲವನ್ನೂ ಮೀಟರಿಟ್ಟು ಅಳೆದ ನಾನು ನನ್ನ ಕಿವಿಯನ್ನು ಮಾತ್ರ ಬಿಟ್ಟಿದ್ದೆ. ಅವರೆದುರೇ ಅತ್ತುಬಿಟ್ಟೆ.

ಮರುದಿನ ಅವರೇ ಪುತ್ತೂರಿಗೆ, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ಕೂತು ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತುತ್ತಿದ್ದೆ, ಒತ್ತುತ್ತಿದ್ದೆ, ಆಮೇಲೆ ಒತ್ತಲಿಕ್ಕೆ ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೆಂದು ಎದ್ದೆ. ಮುಗಿದಿರಲಿಲ್ಲ. “ಪ್ರಾಯದ್ದು. ಮಾತು ಕೇಳ್ಲಿಕ್ಕೆ ಕಿವಿಗೆ ಇಡುವ ಮೆಷಿನ್ ಸಹಾಯ ಮಾಡ್ತದೆ. ತೀರಾ ತೆಳು ಸದ್ದು ಮೊದಲಿನ ಹಾಗೆ ಬರುದು ಕಷ್ಟ,” ಎಂದರು ಡಾಕ್ಟರು. ಆ ಮೆಷಿನ್ ಇಟ್ಟುಕೊಂಡರೆ ಅವಳ ಜಾಗದಲ್ಲಿ ಈಗ ಏನೋ ಬರುತ್ತದೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಅದು ಅವಳಲ್ಲ. ಅವಳೊಂದಿಗೆ ಅಷ್ಟು ಕಾಲ ಬಾಳಿದ ನನಗೆ ಅಷ್ಟು ಗೊತ್ತಾಗುವುದಿಲ್ಲವೇ?

ಗೆಳೆಯರು ಈಗಲೂ ಶುಕ್ರವಾರ ನಮಾಜು ಮುಗಿಸಿ ಬರುತ್ತಾರೆ. ನಾನು ಮೆಷಿನ್ ತೆಗೆದು ಮೇಜಿನ ಮೇಲೆ ಇಡುತ್ತೇನೆ, ಹೊಸ ಪೆಟ್ಟಿಗೆಯಲ್ಲಿ ತಾಳಮದ್ದಲೆ ಹಾಕುತ್ತೇವೆ. ಮೊದಮೊದಲು ಆ ಜಾಗ ಬಂದಾಗ ಅವರು ನನಗಾಗಿ ಬೆರಳೆತ್ತುತ್ತಿದ್ದರು. ಬೇಡ ಎಂದೆ. ಪದ್ಯದ ಮೇಲೆ ಮೈಕಿನ ಬಗ್ಗೆ ಕೊಚ್ಚುವ ನನ್ನ ದನಿ ನನಗೆ ಚೆನ್ನಾಗಿ ಕೇಳುತ್ತದೆ. ಅದು ಮಾತಿನ ಅರ್ಧದಲ್ಲಿ ತಟ್ಟನೆ ನಿಲ್ಲುತ್ತದೆ. ಅಲ್ಲಿ ಅವಳು ಇದ್ದಾಳೆ.