ತಗಡಿನ ಮೇಲೆ ಒಂದು ಉಲ್ಟಾ ಸಾಲು

ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸುಳಿಯಣ್ಣ ಎನ್ನುತ್ತಿದ್ದರು. ತಗಡಿನ ಮೇಲೆ ಸುಳಿ ಎಬ್ಬಿಸುವುದು ಅವನ ಕೆಲಸ. ಡ್ರಿಲ್ಲಿಂಗ್ ಮಷೀನಿಗೆ ಬೆರಳುದಪ್ಪದ ಮರದ ಗೂಟ ಸಿಕ್ಕಿಸಿ, ತಗಡಿಗೆ ಎಣ್ಣೆಯಲ್ಲಿ ಕಲಸಿದ ಎಮರಿ ಎಂಬ ಸಾಣೆಪುಡಿ ಬಳಿದು, ತಿರುಗುವ ಗೂಟವನ್ನು ಮೆಲ್ಲಗೆ ಇಳಿಸಿದರೆ ಹೊಳೆಯುವ ಒಂದು ಸುಳಿ ಮೂಡುತ್ತದೆ. ಅರ್ಧ ಸುಳಿಯಷ್ಟು ತಗಡು ಸರಿಸಿ ಮತ್ತೆ ಇಳಿಸಬೇಕು. ಸಾಲು ಮುಗಿದರೆ ಅಲ್ಲಿಂದಲೇ ಹಿಂದಕ್ಕೆ ಬರುವಂತಿಲ್ಲ. ಎಡತುದಿಗೆ ಹೋಗಿಯೇ ಮುಂದಿನ ಸಾಲು ಹಿಡಿಯಬೇಕು. ಇಲ್ಲದಿದ್ದರೆ ಅದೊಂದು ಸಾಲು ಬೆಳಕಿಗೆ ಉಲ್ಟಾ ಹೊಳೆದು ಇಡೀ ತಗಡು ಕೆಟ್ಟಿತೆಂದೇ ಲೆಕ್ಕ.

ನಾನು ಪಕ್ಕದ ಮೇಜಿನಲ್ಲಿ ತಗಡು ಕತ್ತರಿಸುವವನು. ಹದಿನಾರು ವರ್ಷ ಅವನ ಜಂಬ ಸಹಿಸಿದ್ದೇನೆ. ಮಷೀನಿನ ಹಿಡಿ ಎಳೆದು ಗೂಟ ಇಳಿಸುವುದಷ್ಟೇ ಅವನ ಪಾಲು. ಅಳತೆ ಹಿಡಿದು ತಗಡು ಸರಿಸುವುದೆಲ್ಲ ಅವನ ಹೆಂಡತಿ. ಅವಳು ಉಗುರಿನಿಂದ ತಗಡನ್ನು ಟಕ್ಕೆನಿಸಿದಾಗ ಇವನು ಹಿಡಿ ಇಳಿಸುತ್ತಿದ್ದ. ಹೊಗಳಿಕೆ ಅವನಿಗೆ, ಬೈಗುಳ ಅವಳಿಗೆ. ನಿನ್ನದು ಕೈಯೋ ಒನಕೆಯೋ ಎಂದು ಎಲ್ಲರೆದುರು ಕೇಳುತ್ತಿದ್ದ. ನಾವು ಹಲ್ಲು ಕಿರಿಯುತ್ತಿದ್ದೆವು. ಅವಳು ತಲೆ ಎತ್ತುತ್ತಿರಲಿಲ್ಲ.

ಆ ದಿನ ಲಿಫ್ಟಿನ ಒಳಗೋಡೆಗೆ ಹಾಕುವ ತಗಡು ಅವಸರವಾಗಿ ಬೇಕಿತ್ತು. ಕೊನೆಯ ಸಾಲಿಗೆ ಅವಳು ಎಡತುದಿ ಗೂಟದಡಿ ಬರುವಂತೆ ತಗಡು ಎಳೆಯತೊಡಗಿದಾಗ ಇವನು ತಡೆದ.

“ಇಲ್ಲಿಂದಲೇ ವಾಪಸ್ ಬಾ. ಒಂದು ಸಾಲು ಯಾರು ನೋಡ್ತಾರೆ?”

ಎದ್ದು ಕಾಣುತ್ತದೆ ಎಂದು ಅವಳು ಎರಡು ಸಲ ಹೇಳಿದಳು. ಅವನು ಗದರಿದ. ಇದೆಲ್ಲ ನನ್ನ ಕಿವಿಗೇ ಬಿದ್ದದ್ದು.

ಮೂರನೆಯ ದಿನ ತಗಡು ವಾಪಸ್ ಬಂತು. ಯಜಮಾನ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಅದೊಂದು ಸಾಲು ಕಪ್ಪಗೆ ಕಣ್ಣಿಗೆ ಹೊಡೆಯಿತು. ಇದನ್ನು ಮಾಡಿದವರಿಗೆ ಇವತ್ತೇ ಕೊನೆ ಎಂದ.

“ಇವಳದ್ದೇ ತಪ್ಪು ಯಜಮಾನ್ರೇ,” ಎಂದ ಸುಳಿಯಣ್ಣ. “ಎಷ್ಟು ಹೇಳಿಕೊಟ್ರೂ ತಲೆಗೆ ಹತ್ತಲ್ಲ.”

ಅವಳು ನನ್ನ ಕಡೆ ನೋಡಿದಳು. ನಾನು ಕತ್ತರಿಗೆ ಎಣ್ಣೆ ಬಿಡುವ ನೆವದಲ್ಲಿ ಬಗ್ಗಿದೆ. ನನಗೂ ಹೊಟ್ಟೆಪಾಡಿತ್ತು ಎಂದು ಹೇಳಬಹುದು. ಆದರೆ ಅದು ಬರೀ ಹೇಡಿತನ. ಅವಳು ಚೀಲ ಹೆಗಲಿಗೇರಿಸಿ ಹೊರಗೆ ನಡೆದಳು.

ಯಜಮಾನ ಹೊಸ ತಗಡು ಹಾಕಿಸಿ, ನೀನೊಬ್ಬನೇ ಮಾಡು ಎಂದ. ಸುಳಿಯಣ್ಣ ಬೆರಳಿನಿಂದ ಅಂಚು ತಡವಿ ಹಿಡಿ ಇಳಿಸಿದ. ಮೊದಲ ಸುಳಿ ಚೆನ್ನಾಗಿಯೇ ಬಂತು. ಎರಡನೆಯದು ಅದರ ಮೇಲೇ ಕೂತಿತು. ಮೂರನೆಯದು ಒಂದು ಗೇಣು ಆಚೆ ಹೋಯಿತು. ಯಜಮಾನ ಸದ್ದಿಲ್ಲದೆ ಅವನ ಮುಖದೆದುರು ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ. ಅವನ ಕಣ್ಣು ಹೋಗಿದೆಯೆಂದು ನಮಗೆ ತಿಳಿದದ್ದೇ ಆಗ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕೆವು. ಏನಾಯ್ತು, ಸರಿಯಾಗಿದೆಯಾ ಎಂದು ಅವನು ಕೇಳುತ್ತಲೇ ಇದ್ದ.

ಗೇಟಿನ ಬಳಿ ನಿಂತಿದ್ದ ಅವಳನ್ನು ಕರೆಸಿದರು. ಇಷ್ಟು ದಿನ ಕಣ್ಣು ಯಾರದಾಗಿತ್ತೆಂದು ಯಜಮಾನನಿಗೆ ಈಗ ಅರ್ಥವಾಗಿತ್ತು. ಇನ್ನು ಮೇಲೆ ಮಷೀನು ಅವಳದೇ ಎಂದ. ಸುಳಿಯಣ್ಣನ ಮುಖದಲ್ಲಿ ಜೀವ ಬಂತು. ಅವಳಿದ್ದರೆ ತನಗೂ ಜಾಗ ಉಂಟೆಂದುಕೊಂಡಿರಬೇಕು.

“ಹಿಡಿ ಎಳೆಯೋಕೆ ಇವನನ್ನ ಇಟ್ಕೋತೀಯೇನಮ್ಮ?” ಎಂದು ಯಜಮಾನ ಕೇಳಿದ.

ಅವಳು ಗೂಟಕ್ಕೆ ಅಂಟಿದ್ದ ಎಮರಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು.

“ಬೇಡ. ನನಗೆ ಎರಡು ಕೈ ಇದೆ.”

ಅವನು ಗೋಡೆ ಸವರಿಕೊಂಡು ಗೇಟಿನವರೆಗೆ ಹೋಗಿ ನಿಂತ. ಅಲ್ಲಿಂದಾಚೆ ದೊಡ್ಡ ರಸ್ತೆ, ಬಿಡುವಿಲ್ಲದ ಲಾರಿಗಳು. ಅವಳಿಲ್ಲದೆ ದಾಟುವಂತಿರಲಿಲ್ಲ. ಒಳಗೆ ಅವಳು ಸಂಜೆಯವರೆಗೆ ಸಾಲಿನ ಮೇಲೆ ಸಾಲು ಹಾಕಿದಳು, ಎಲ್ಲವೂ ಎಡದಿಂದ.

ಕೆಲಸ ಬಿಟ್ಟಾಗ ನಾನು ಅವಳ ಹಿಂದೆಯೇ ಇದ್ದೆ. ಗೇಟು ಹತ್ತಿರವಾಗುತ್ತಿದ್ದಂತೆ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಅವನ ಮೈಗೆ ಸೆರಗು ತಾಗದಂತೆ ಬದಿಗೆ ಸರಿದು, ರಸ್ತೆ ದಾಟಿ ಹೋದಳು.

ನನ್ನ ಹೆಜ್ಜೆ ಸದ್ದಿಗೆ ಅವನು ತಿರುಗಿದ. “ಅವಳ ಕೆಲಸ ಇನ್ನೂ ಮುಗೀಲಿಲ್ವೇನಪ್ಪ?”

“ಇನ್ನೊಂದು ತಗಡಿದೆ ಅಣ್ಣ, ಮುಗಿಸ್ಕೊಂಡು ಬರ್ತಾರೆ,” ಎಂದೆ.