ನೀರೊಲೆಯ ಬೂದಿಯಲ್ಲಿ ಸುಟ್ಟ ಗೆಣಸು

“ಅಯ್ಯೋ ಅಪ್ಪ, ಗೆಣಸನ್ನ ಯಾರಾದ್ರೂ ಉರಿಗೆ ಹಾಕ್ತಾರಾ? ಬಿಸಿ ಬೂದಿಯೊಳಗೆ ಹೂತಿಡ್ಬೇಕು. ಅಮ್ಮ ಇದ್ದಿದ್ರೆ ಬಿದ್ದೂ ಬಿದ್ದೂ ನಗ್ತಿದ್ಲು!”

ಬಚ್ಚಲಿನ ನೀರೊಲೆಯ ಮುಂದೆ ಕೂತಿದ್ದ ನಾನು ಬೆಚ್ಚಿ ತಿರುಗಿದೆ. ತಾಯಿ ತೀರಿಕೊಂಡ ಮೇಲೆ ಮಗಳು ಸಾವಿತ್ರಿ ಮಾತೂ ಆಡಿರಲಿಲ್ಲ, ಸರಿಯಾಗಿ ಉಂಡೂ ಇರಲಿಲ್ಲ. ಅವಳಿಗೆ ಇಷ್ಟವೆಂದು ಹೊಳೆಹೊನ್ನೂರಿನ ಸಂತೆಯಿಂದ ತಂದ ಗೆಣಸು ನನ್ನ ಕೈಯಲ್ಲಿ ಹೊರಗೆ ಕರಕಲಾಗಿ, ಒಳಗೆ ಹಸಿಯಾಗಿಯೇ ಉಳಿದಿತ್ತು.

ಉಳಿದವನ್ನು ಅವಳೇ ಬೂದಿಯಲ್ಲಿ ಹೂತಳು. ತಾಯಿ ಮಾಡುತ್ತಿದ್ದಂತೆಯೇ ಬೆಣ್ಣೆಗೆ ಉಪ್ಪು, ಕುಟ್ಟಿದ ಕಾಳುಮೆಣಸು ಕಲಸಿದಳು. ಬೆಂದ ಗೆಣಸನ್ನು ಮುರಿದು, ಬೆಣ್ಣೆ ಸವರಿ, ಮೊದಲು ನನಗೆ ಕೊಟ್ಟು ತಾನೂ ತಿಂದಳು. ನಾನು ಕೆಲಸ ಮಾಡುತ್ತಿದ್ದ ಕಬ್ಬಿಣದ ಕಾರ್ಖಾನೆಯ ಸೈರನ್ ಪಾಳಿಗೆ ಕರೆದು ಕೂಗಿದರೂ ನಾನು ಏಳಲಿಲ್ಲ.

ಈಗಲೂ ಭದ್ರಾವತಿಯ ನಮ್ಮ ಮನೆಯಲ್ಲಿ ನೀರೊಲೆ ಹಚ್ಚುವುದು ನಾನೇ. ಗೆಣಸಿನ ಹತ್ತಿರ ಮಾತ್ರ ಅವಳು ನನ್ನನ್ನು ಬಿಡುವುದಿಲ್ಲ.