ಮೊದಲು ಕೈಮಾಡಿದ್ದು ಯಾರು

ಓಮಾನಿನ ಸೀಬ್‌ನಲ್ಲಿರುವ ನಮ್ಮ ಮನೆಗೆ ಶುಕ್ರವಾರ ಊಟಕ್ಕೆ ಬರುವವರಿಗೆಲ್ಲ ಆ ಜಗಳದ ಕಥೆ ಬಾಯಿಪಾಠ. ನಾವು ಗಂಡ ಹೆಂಡತಿ ಇಂಗ್ಲೆಂಡಿನ ನಾದಿನಿಯ ಮನೆಗೆ ಹೋಗಿದ್ದಾಗ, ಕಾರು ನಿಲ್ಲಿಸುವ ಜಾಗಕ್ಕಾಗಿ ಜಗಳವಾಗಿ ಒಬ್ಬ ತರುಣ ಪಕ್ಕದ ಮನೆಯ ಮುದುಕರನ್ನು ಹೊಡೆದು ಬೀಳಿಸಿದ್ದ. ಅವರ ಒಂದು ಕಣ್ಣು ಹೋಯಿತು. ಆ ಹೊತ್ತಿಗೆ ಹೊರಗಿದ್ದವರು ನಾವಿಬ್ಬರೇ. ಈ ಕಥೆಯನ್ನು ಜೋಡಿಯಾಗಿಯೇ ಹೇಳುತ್ತಿದ್ದೆವು. ನನ್ನ ಗಂಡ ಶುರುಮಾಡಿದರೆ ನಾನು ನಡುವೆ ಬಾಯಿಹಾಕುವುದು, ನಾನು ಬಿಟ್ಟದ್ದನ್ನು ಅವರು ಸೇರಿಸುವುದು. ಅಂದು ಸಂಜೆ ನಾದಿನಿಯ ಅಡುಗೆಮನೆಯಲ್ಲೂ ಹಾಗೆಯೇ ಹೇಳಿದೆವು, ತರುಣನೇ ಮೊದಲು ಹೊಡೆದದ್ದನ್ನು ಕಂಡೆವು ಎಂದು ಮರುದಿನ ಬಂದ ಪೊಲೀಸರ ಮುಂದೆಯೂ ಅದನ್ನೇ ಒಪ್ಪಿಸಿದೆವು.

ಮೊಕದ್ದಮೆ ಅಲ್ಲಿನ ಜ್ಯೂರಿಯ ಮುಂದೆ ಬಂದಾಗ ನಾವು ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಗಳಾದೆವು. ಮುದುಕರೇ ಮೊದಲು ಊರುಗೋಲು ಬೀಸಿದರು, ಜೀವ ಉಳಿಸಿಕೊಳ್ಳಲು ಹೊಡೆದೆ ಎಂಬುದು ತರುಣನ ವಾದ. ಪ್ರಾಸಿಕ್ಯೂಷನ್ ವಕೀಲರು ಮೊದಲು ತಮ್ಮ ಕೇಸು ಏನೆಂದು ಜ್ಯೂರಿಗೆ ಹೇಳುತ್ತಾರೆ, ಆಮೇಲೆ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ ಎಂದು ಅಲ್ಲಿನ ಪೊಲೀಸ್ ಅಧಿಕಾರಿಣಿ ಫೋನಿನಲ್ಲಿ ವಿವರಿಸಿದಳು. ತರುಣ ಏನನ್ನೂ ಸಾಬೀತುಪಡಿಸಬೇಕಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಕಣ್ಣು ಕಳೆದುಕೊಂಡವರ ಕಡೆಯವರು ಹೆಣಗಬೇಕು, ಹೊಡೆದವನು ಆರಾಮವಾಗಿ ಕೂರಬಹುದು! ಇಬ್ಬರದೂ ಸಾಕ್ಷಿ ಮುಗಿಯುವ ತನಕ ಈ ವಿಷಯ ಒಬ್ಬರಿಗೊಬ್ಬರು ಮಾತಾಡಕೂಡದು ಎಂದೂ ಆಕೆ ಕಟ್ಟುನಿಟ್ಟಾಗಿ ಹೇಳಿದಳು.

ಓಮಾನಿನಿಂದಲೇ ವಿಡಿಯೋದಲ್ಲಿ ಸಾಕ್ಷಿ ಹೇಳಲು ಅನುಮತಿ ಸಿಕ್ಕಿತು. ಮೊದಲ ದಿನ ವಿಡಿಯೋ ಏರ್ಪಾಟಿದ್ದ ಬೌಷರ್‌ನ ಕಚೇರಿಗೆ ಹೋದವರು ನನ್ನ ಗಂಡ. ಬಂದಾಗ ಮುಖ ಬಾಡಿತ್ತು. ಬಾಯಿ ಮುಚ್ಚಿಯೇ ಗೊತ್ತಿಲ್ಲದ ಮನುಷ್ಯ ಮೀನಿನ ಮುಳ್ಳು ಬಿಡಿಸುತ್ತ ತಲೆತಗ್ಗಿಸಿ ಕೂತಿದ್ದರು.

“ಸರಿಯಾಯ್ತಾ?” ತಡೆಯಲಾಗದೆ ಕೇಳಿಯೇಬಿಟ್ಟೆ.

“ಕೇಳ್ಬೇಡ ಮಾರಾಯ್ತಿ. ಮಾತಾಡ್ಲಿಕ್ಕಿಲ್ಲ ಅಂತ ಹೇಳಿದ್ದಾರಲ್ಲ.”

ಮರುದಿನ ನನ್ನ ಸರದಿ. ಅಲ್ ಮವಾಲೇಹ್ ಸಿಗ್ನಲ್‌ನಲ್ಲಿ ಕಾರು ನಿಂತಾಗ ಅವರು ರೇಡಿಯೋದ ದನಿ ಏರಿಸಿದರು.

ಪರದೆಯ ಮೇಲೆ ಬಿಳಿ ಕೂದಲ ಟೋಪನ್ ತೊಟ್ಟ ಪ್ರಾಸಿಕ್ಯೂಷನ್ ವಕೀಲರು ಕಂಡರು. ಇವರು ನಮ್ಮವರು, ದಾರಿ ತೋರಿಸುತ್ತಾರೆ ಎಂದೇ ನಂಬಿದ್ದೆ. ‘ಆ ತರುಣನೇ ತಾನೇ ಮೊದಲು ಹೊಡೆದದ್ದು?’ ಎಂದು ಕೇಳಿದರೆ ಹೌದೆಂದು ಮುಗಿಸುತ್ತಿದ್ದೆ. ಆದರೆ ಸಾಕ್ಷಿಯ ಬಾಯಿಗೆ ಉತ್ತರ ತುರುಕುವುದು ಅವರಿಗೆ ನಿಷಿದ್ಧವಂತೆ.

“ನೀವು ಏನು ಮಾಡುತ್ತಿದ್ದಿರಿ?”

“ಕಾರಿನ ಡಿಕ್ಕಿಗೆ ಬಗ್ಗಿ ಚೀಲ ತೆಗೆಯುತ್ತಿದ್ದೆ. ಕೂಗಾಟ ಕೇಳಿತು.”

“ಆಮೇಲೆ ಏನು ಕಂಡಿರಿ?”

“ತಲೆ ಎತ್ತಿದೆ. ಮುದುಕರು ನೆಲದ ಮೇಲಿದ್ದರು.”

“ಅದಕ್ಕೂ ಮುಂಚೆ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ನನ್ನ ಗಂಡನ ದನಿಯಲ್ಲಿತ್ತು. ಊಟದ ತಟ್ಟೆಯ ಮೇಲೆ ಮುಷ್ಟಿ ಬೀಸಿ ಅವರು ಹೇಳುವ ರೀತಿಯೇ ಕಣ್ಣಮುಂದೆ ಬಂತು. ನನ್ನದೇ ನೆನಪನ್ನು ತಡಕಾಡಿದೆ. ಅಲ್ಲಿ ಆಲೂಗಡ್ಡೆಯ ಚೀಲ ಬಿಟ್ಟು ಬೇರೇನೂ ಇರಲಿಲ್ಲ.

“ಮೊದಲ ಹೊಡೆತ ನಾನು ನೋಡಿಲ್ಲ,” ಎಂದೆ. “ಅದು ನನ್ನ ಗಂಡ ಹೇಳಿ ಕೇಳಿದ್ದು.”

ವಕೀಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ನಾನು ಕಣ್ಣಾರೆ ಕಂಡದ್ದಷ್ಟೇ ಸಾಕು ಎಂದರು. ಎದುರು ವಕೀಲೆ ಎದ್ದು, ಮೊದಲ ಹೊಡೆತ ಕಂಡೆ ಎಂದು ಪೊಲೀಸರಿಗೆ ಹೇಳಿದ್ದಿರಲ್ಲ ಎಂದು ಒಂದೇ ಪ್ರಶ್ನೆ ಕೇಳಿ, ನಾನು ಹೌದೆಂದ ಮೇಲೆ ನನ್ನ ಪ್ರಾಮಾಣಿಕತೆಗೆ ಥ್ಯಾಂಕ್ಸ್ ಹೇಳಿದಳು. ಆ ಥ್ಯಾಂಕ್ಸ್ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಹೋಗಲಿ, ಗಂಡ ನೋಡಿದ್ದಾರೆ, ನಿನ್ನೆಯೇ ಹೇಳಿದ್ದಾರೆ, ಮುದುಕರಿಗೆ ಅಷ್ಟು ಸಾಕು ಎಂದು ಧೈರ್ಯ ತಂದುಕೊಂಡು ಹೊರಬಂದೆ.

ಕಾರಿನಲ್ಲಿ ಅವರು ಕಾಯುತ್ತಿದ್ದರು.

“ಖಲಾಸ್, ಇನ್ನು ಮಾತಾಡ್ಬಹುದು,” ಎಂದೆ. “ಮೊದಲು ಹೊಡೆದದ್ದು ನಾನು ನೋಡ್ಲೇ ಇಲ್ಲ ಮಾರಾಯ್ರೆ. ಹಾಗೇ ಹೇಳಿ ಬಂದೆ. ಅಡ್ಡಿಯಿಲ್ಲ, ನೀವು ನೋಡಿದ್ದು ಉಂಟಲ್ಲ.”

ಅವರು ಕೀಲಿ ತಿರುಗಿಸಲು ಹೊರಟವರು ಕೈ ಹಿಂತೆಗೆದರು.

“ನಾನೆಲ್ಲಿ ನೋಡಿದ್ದು? ನಾನು ಬಾಗಿಲ ಹತ್ರ ಬೆಲ್ ಒತ್ತುತ್ತಾ ಇದ್ದೆ, ಬೆನ್ನು ಮಾಡಿ. ನಿನ್ನೆ ಅವರು ಕೇಳುವಾಗಲೇ ನನಗೆ ಅದು ಹೊಳೆದದ್ದು. ನಾನು ನೋಡ್ಲಿಲ್ಲ, ನನ್ನ ಹೆಂಡತಿ ನೋಡಿದ್ದಾಳೆ, ನಾಳೆ ಅವಳು ಹೇಳ್ತಾಳೆ ಅಂತ ಹೇಳಿ ಬಂದಿದ್ದೇನೆ.”